ಪಟ್ಟೆಮರದ ಬುಡ

ಮರ ಹೆರೆಯುವ ಹತ್ತರಿ ಮೂರನೆಯ ಸಲವೂ ಅರ್ಧದಾರಿಯಲ್ಲೇ ಕಚ್ಚಿಕೊಂಡು ನಿಂತಿತು. ಕರಿಸಿದ್ದಪ್ಪ ಅದನ್ನು ಎತ್ತಿ, ಬಾಯಿಗೆ ಸಿಕ್ಕಿದ್ದ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ, ಮರದ ಮೇಲೆ ಅಂಗೈ ಆಡಿಸಿದ. ಒಂದು ಪಟ್ಟೆ ನುಣ್ಣಗಿತ್ತು. ಅದರ ಮಗ್ಗುಲಿನದು ಬೆಕ್ಕು ಪರಚಿದ ಹಾಗೆ ಎದ್ದು ನಿಂತಿತ್ತು. ಮರವನ್ನು ತಿರುವಿ ಹಾಕಿ ಆ ಕಡೆಯಿಂದ ಹತ್ತರಿ ಹೊಡೆದ. ಈಗ ಎದ್ದಿದ್ದು ಮಲಗಿತು, ಮಲಗಿದ್ದು ಎದ್ದಿತು. ಅರವತ್ತೊಂದು ವರ್ಷದ ಆಯುಸ್ಸಿನಲ್ಲಿ ನಲವತ್ತೇಳು ವರ್ಷ ಮರ ಕೆತ್ತಿದ್ದರೂ ಇಂಥ ಎರಡು ನಾಲಿಗೆಯ ಮರವನ್ನು ಅವನು ಕಂಡಿರಲಿಲ್ಲ.

"ಏನ್ ಸಿದ್ದಪ್ಪಣ್ಣ, ಕುಣಿಯಾಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ. ಬೆಳಗ್ಗಿಂದ ಅದನ್ನ ತಿರುಗ್ಸಿ ಮುರುಗ್ಸಿ ನೋಡ್ತಾನೇ ಇದೀಯ," ಎಂದು ಪಕ್ಕದ ಟೀ ಅಂಗಡಿಯ ಹನುಮಂತರಾಜು ಲೋಟ ತಂದಿಟ್ಟ.

"ನೆಲ ಡೊಂಕಿಲ್ಲ ಕಣೋ ರಾಜು. ಇದರ ಬುಡ ಯಾವ್ದು, ತುದಿ ಯಾವ್ದು ಅಂತ್ಲೇ ಗೊತ್ತಾಗ್ತಿಲ್ಲ."

"ಬಾಗ್ಲಿಗೆ ಬುಡ ಯಾಕಣ್ಣ? ಅದೇನು ಚಿಗುರ್ತದಾ?"

ಟೀ ಕುಡಿಯಲು ಕೂತಿದ್ದ ಇಬ್ಬರು ನಕ್ಕರು. ಕರಿಸಿದ್ದಪ್ಪ ನಗಲಿಲ್ಲ.

ಆ ಮರ ಶ್ರೀರಾಂಪುರಕ್ಕೆ ಬಂದು ನಾಲ್ಕು ದಿನವಾಗಿತ್ತು. ಅಳಿಯ ಮಾರುತೇಶ್ ಹೈಸ್ಕೂಲಿನಲ್ಲಿ ಗುಮಾಸ್ತ. ಹೊಸದುರ್ಗ ರಸ್ತೆಯಲ್ಲಿ ಸೈಟು ತಗೊಂಡು ಮನೆ ಕಟ್ಟಿಸುತ್ತಿದ್ದ. ಚಿತ್ರದುರ್ಗದ ಒಂದು ಮರದ ಡಿಪೋದಲ್ಲಿ ಯಾರೋ ಹೋಟೆಲಿನವರು ತರಿಸಿ ಬೇಡವೆಂದು ಬಿಟ್ಟುಹೋದ ನಾಲ್ಕು ತುಂಡು ಬಿದ್ದಿದ್ದವು. ಅವು ಅವನ ಕಣ್ಣಿಗೆ ಬಿದ್ದವು, ಅವನ ಮನಸ್ಸಿಗೂ ಬಿದ್ದವು. ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದು ಮಾವನ ಶೆಡ್ಡಿನ ಮುಂದೆ ಇಳಿಸಿ, ಮೊಬೈಲು ತೆಗೆದು ಓದಿ ಹೇಳಿದ್ದ.

"ಇದು ಆಫ್ರಿಕಾದ್ದು ಮಾವ. ಜೀಬ್ರಾ ವುಡ್ ಅಂತ. ದೊಡ್ಡ ದೊಡ್ಡ ಕಾರಿನ ಒಳಗೆ, ಗಿಟಾರಿಗೆ, ಬಂದೂಕಿನ ಹಿಡಿಗೆ ಹಾಕ್ತಾರಂತೆ. ತೆಳ್ಳಗೆ ಪದರ ತೆಗೆದು ಪ್ಲೈವುಡ್ಡಿನ ಮೇಲೆ ಅಂಟಿಸ್ತಾರೆ ಅಷ್ಟೆ, ಹಿಂಗೆ ಇಡೀ ಮರ ಬಾಗ್ಲಿಗೆ ಹಾಕ್ದೋರು ನಮ್ಮ ತಾಲ್ಲೂಕಿನಾಗೆ ಯಾರೂ ಇಲ್ಲ."

ನೋಡಲು ಚೆಂದವೇನೋ ಇತ್ತು. ಕಡಲೆಕಾಯಿ ಎಣ್ಣೆಯ ಬಣ್ಣದ ಮೈ, ಅದರ ಮೇಲೆ ಉದ್ದುದ್ದಕ್ಕೆ ಕಪ್ಪುಗೆಂಪು ಗೆರೆಗಳು. ದಿಮ್ಮಿಯನ್ನು ಒಂದು ಲೆಕ್ಕದಲ್ಲಿ ಕೊಯ್ದರೆ ಗೆರೆ ನೆಟ್ಟಗೆ ಬರುತ್ತವೆ, ಇನ್ನೊಂದು ಲೆಕ್ಕದಲ್ಲಿ ಕೊಯ್ದರೆ ಅಲೆಯಾಗುತ್ತವೆ; ಇವು ನೆಟ್ಟಗಿದ್ದವು. ಬೀದಿಯ ಹಳಬರಲ್ಲಿ ಜೀಬ್ರಾ ಕಂಡವರು ಒಬ್ಬರೂ ಇರಲಿಲ್ಲ. ಆದರೆ ಕುರಿ ಕಾಯ್ದವರೆಲ್ಲ ಕತ್ತೆಕಿರುಬನನ್ನು ಕಂಡವರೇ. ಹಾಗಾಗಿ ಸಾಯಂಕಾಲದ ಹೊತ್ತಿಗೆ ಅದು ಕಿರುಬನ ಮರವಾಯಿತು. ಮೊದಲ ಸಲ ಗರಗಸ ಇಟ್ಟಾಗ ಅದರೊಳಗಿಂದ ಕೊಳೆತ ಗೊಬ್ಬರದ ನಾತ ಎದ್ದು ಟೀ ಅಂಗಡಿಯವರೆಗೂ ಹೋಗಿ, ಹೆಸರು ಇನ್ನಷ್ಟು ಗಟ್ಟಿಯಾಯಿತು.

ಕರಿಸಿದ್ದಪ್ಪನಿಗೆ ನಾತದ ಚಿಂತೆ ಇರಲಿಲ್ಲ. ಅವನು ಕುರುಬರ ಮನೆಯಲ್ಲಿ ಹುಟ್ಟಿ, ಹದಿನಾಲ್ಕನೇ ವಯಸ್ಸಿಗೆ ಮೌನೇಶಾಚಾರ್ ಹತ್ತಿರ ಬಡಗಿ ಕೆಲಸಕ್ಕೆ ಸೇರಿದವನು. ಆಚಾರ್ರು ಉಳಿ ಕೈಗೆ ಕೊಡುವುದಕ್ಕಿಂತ ಮೊದಲೇ ಹೇಳಿದ ಮಾತು ಒಂದಿತ್ತು: "ಮರ ಸತ್ರೂ ಅದರ ಕಾಲು ಕಾಲೇ, ತಲೆ ತಲೇನೇ. ಅದು ಬೆಳೆದಂಗೇ ನಿಲ್ಸಬೇಕು. ತಲೆಬಾಗ್ಲ ಕಂಬ ತಲೆಕೆಳಗಾದ್ರೆ ಆ ಮನೇಲಿ ಯಾರೋ ಒಬ್ರು ತಲೆಕೆಳಗಾಗ್ತಾರೆ." ಬೇವು, ಹೊನ್ನೆ, ತೇಗ ಯಾವುದೇ ಆಗಲಿ, ಕುರಿಯ ಬೆನ್ನು ಸವರಿದ ಹಾಗೆ ಅಂಗೈ ಆಡಿಸಿದರೆ ಕರಿಸಿದ್ದಪ್ಪನಿಗೆ ಬುಡ ಸಿಗುತ್ತಿತ್ತು. ರೋಮ ಮಲಗುವ ದಿಕ್ಕಿನಲ್ಲಿ ತುದಿ, ಏಳುವ ದಿಕ್ಕಿನಲ್ಲಿ ಬುಡ. ಸಿಕ್ಕ ಕೂಡಲೇ ಕಿವಿಯ ಮೇಲಿನ ಪೆನ್ಸಿಲು ತೆಗೆದು ಆ ಕೊನೆಗೆ 'ಬು' ಎಂದು ಬರೆಯುತ್ತಿದ್ದ. ಮಂಚದ ಕಾಲಿಗೂ ಬರೆಯುತ್ತಿದ್ದ, ಶಾಲೆಯ ಬೆಂಚಿಗೂ ಬರೆಯುತ್ತಿದ್ದ, ಮುದ್ದೆ ತಿರುವುವ ಕೋಲಿಗೂ ಬರೆಯುತ್ತಿದ್ದ. ಜನಕ್ಕೆ ಅದು ತಮಾಷೆಯಾಗಿತ್ತು.

ತಲೆಬಾಗಿಲು ಒಂದನ್ನು ಮಾತ್ರ ಅವನು ಇಪ್ಪತ್ತೆರಡು ವರ್ಷದಿಂದ ಮಾಡಿರಲಿಲ್ಲ. ಯಾರು ಕೇಳಿದರೂ ಹೆಗಲು ನೋವು, ಚೌಕಟ್ಟು ಎತ್ತಲಾಗುವುದಿಲ್ಲ ಎನ್ನುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಊರಿಗೆಲ್ಲ ಗೊತ್ತಿದ್ದರೂ, ಅದನ್ನು ಇವನಿಗೆ ಹೊಂದಿಸಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈಗ ಕೇಳಿದವಳು ಒಬ್ಬಳೇ ಮಗಳು ದೇವಿಕಾ. ಅವಳಿಗೆ ಹೆಗಲಿನ ಕತೆ ನಡೆಯಲಿಲ್ಲ.

ಟೀ ಕುಡಿದು ಮುಗಿಸಿದವನೇ ಮರದ ಒಂದು ತುಂಡನ್ನು ಹೊತ್ತು ಶೆಡ್ಡಿನ ಹಿಂದಿದ್ದ ದನದ ನೀರಿನ ತೊಟ್ಟಿಯ ಹತ್ತಿರ ಹೋದ. ಇದೂ ಆಚಾರ್ರು ಹೇಳಿಕೊಟ್ಟಿದ್ದೇ. ಕೈಗೆ ಸಿಗದ ಬುಡ ನೀರಿಗೆ ಸಿಗುತ್ತದೆ. ಬುಡದ ಕಡೆ ತೂಕ ಹೆಚ್ಚು, ಆ ಕೊನೆ ಒಂದು ಬೆರಳಾದರೂ ಆಳಕ್ಕೆ ಇಳಿಯುತ್ತದೆ. ತೇಲಿಬಿಟ್ಟ. ಪಟ್ಟೆಮರ ಮೈಯೆಲ್ಲ ಮುಳುಗಿಸಿಕೊಂಡು ಬೆನ್ನೊಂದನ್ನು ಮೇಲಿಟ್ಟು ಮಲಗಿತು. ಈ ಕೊನೆಯೂ ಅಷ್ಟೇ, ಆ ಕೊನೆಯೂ ಅಷ್ಟೇ. ನೀರು ನಿಲ್ಲಲಿ ಎಂದು ಕಾದ. ನೀರು ನಿಂತಿತು, ಮರವೂ ನಿಂತಿತು, ಯಾವುದೂ ಏನೂ ಹೇಳಲಿಲ್ಲ. ಕಪ್ಪು ಗೆರೆಗಳು ಮಾತ್ರ ನೀರಿನಡಿ ಇನ್ನೂ ಕಪ್ಪಾಗಿ ಕಾಣುತ್ತಿದ್ದವು.

ತೊಟ್ಟಿಯ ಅಂಚಿನಲ್ಲಿ ಹಾಗೇ ಕೂತುಬಿಟ್ಟ. ಕೂತರೆ ಅದೇ ನೆನಪು ಬರುತ್ತದೆಂದು ಗೊತ್ತಿದ್ದರೂ ಕೂತ.

ತಮ್ಮ ಬೀರೇಶ ಮದುವೆಗೆ ಮುಂಚೆ ಮತ್ತೋಡು ರಸ್ತೆಯ ಹೊಲದ ಹಟ್ಟಿಯಲ್ಲಿ ಎರಡಂಕಣದ ಮನೆ ಕಟ್ಟಿಸಿದ್ದ. ಬಾಗಿಲು ಅಣ್ಣನದು. ಹೊಲದ ಬೇವನ್ನೇ ಕೊಯ್ಯಿಸಿದ್ದರು. ಬೆಳಗಾದರೆ ಚೌಕಟ್ಟು ನಿಲ್ಲಿಸಬೇಕು, ಹಿಂದಿನ ದಿನ ಬಲಗಡೆಯ ಕಂಬದ ಬುಡದಲ್ಲಿ ಒಂದು ಗೇಣು ಸೀಳು ಬಿಟ್ಟಿತ್ತು. ಬೇರೆ ಮರ ಇರಲಿಲ್ಲ. ಆಚಾರ್ರು ಊರಲ್ಲಿರಲಿಲ್ಲ. ಬಂದವರೆಲ್ಲ ಹೊಸ್ತಿಲ ಹತ್ತಿರ ಬಗ್ಗಿದಾಗ ಮೊದಲು ಕಾಣುವುದೇ ಆ ಸೀಳು. ಕುರುಬರ ಹುಡುಗನಿಗೆ ಬಡಗಿ ಕೆಲಸ ಎಲ್ಲಿಂದ ಬಂದೀತು ಎಂದು ಆಡಿಕೊಳ್ಳುತ್ತಾರೆ. ಮೂವತ್ತೊಂಬತ್ತರ ಕರಿಸಿದ್ದಪ್ಪ ಕಂಬವನ್ನು ತಲೆಕೆಳಗು ಮಾಡಿದ. ಸೀಳು ಮೇಲೆ ಹೋಯಿತು, ಮಾವಿನ ಸೊಪ್ಪಿನ ಮರೆಯಾಯಿತು. ಯಾರಿಗೂ ಗೊತ್ತಾಗಲಿಲ್ಲ. ಆ ಕಂಬದಲ್ಲೊಂದು ಗಂಟಿತ್ತು. ಕೊಂಬೆ ಯಾವತ್ತೂ ಆಕಾಶದ ಕಡೆ ಓರೆಯಾಗಿ ಹೊರಡುತ್ತದೆ, ಅದರ ಗಂಟೂ ಮೇಲುಮುಖವಾಗಿಯೇ ಇರುತ್ತದೆ. ಇದು ಮಾತ್ರ ನೆಲ ನೋಡುತ್ತಿತ್ತು.

"ಅಚ್ಚುಕಟ್ಟಾಗಿ ಬಂದೈತೆ ಕಣಣ್ಣ," ಎಂದಿದ್ದ ಬೀರೇಶ.

ವೈಶಾಖದಲ್ಲಿ ರೇಣುಕಮ್ಮ ಆ ಬಾಗಿಲಿನಿಂದ ಒಳಗೆ ಬಂದಳು. ಮಾಡದಕೆರೆಯ ಹುಡುಗಿ, ಹತ್ತೊಂಬತ್ತು ವರ್ಷ. ಶ್ರಾವಣದಲ್ಲಿ ಬೀರೇಶ ಮೋಟರು ನೋಡಲೆಂದು ಬಾವಿಗೆ ಇಳಿದವನು ಕರೆಂಟು ಹೊಡೆದು ಹೆಣವಾಗಿ ಮೇಲೆ ಬಂದ. ಚಟ್ಟ ಹೊರಡುವ ಹೊತ್ತಿನಲ್ಲಿ ತಾಯಿ ಬರಗೇರಮ್ಮ ಎದೆ ಬಡಿದುಕೊಳ್ಳುವುದನ್ನು ಒಂದು ಗಳಿಗೆ ನಿಲ್ಲಿಸಿ, ಮೂಲೆಯಲ್ಲಿ ಕೂತಿದ್ದ ಸೊಸೆಯ ಕಾಲನ್ನೇ ನೋಡಿದಳು. "ಈ ಕಾಲು ಒಳಗಿಟ್ಟು ನೂರು ದಿನ ಆಗ್ಲಿಲ್ಲ, ನನ್ ಮಗನ್ನ ಹೊರಗೆ ಹಾಕ್ತು," ಎಂದಳು.

ಚಟ್ಟದ ಮುಂದಿನ ಗಳು ಕರಿಸಿದ್ದಪ್ಪನ ಹೆಗಲ ಮೇಲಿತ್ತು. ಬಾಗಿಲು ದಾಟುವಾಗ ಆ ಹೆಗಲು ಬಲಗಡೆಯ ಕಂಬಕ್ಕೆ ಉಜ್ಜಿತು. ಗಂಟು ಅವನ ಕಣ್ಣೆದುರಿಗೇ ಬಂತು. ಬಾಯಿ ತೆರೆದಿದ್ದರೆ ತಾಯಿಯ ಮಾತು ಅಲ್ಲೇ ನಿಲ್ಲುತ್ತಿತ್ತು. ಅವತ್ತು ಹೇಳುವ ದಿನವಲ್ಲ ಅಂದುಕೊಂಡ. ಹನ್ನೊಂದನೆಯ ದಿನವೂ ಅಲ್ಲ ಅನ್ನಿಸಿತು. ವರ್ಷದ ಎಡೆಯ ದಿನವೂ ಅಲ್ಲ. ಆಮೇಲೆ ಯಾವ ದಿನವೂ ಅಲ್ಲದೆ ಹೋಯಿತು.

ತಾಯಿಯ ಮಾತಿಗೆ ಕಾಲು ಬಂದು ಊರೂರು ತಿರುಗಿತು. ರೇಣುಕಮ್ಮನದು ಕೆಟ್ಟ ಕಾಲ್ಗುಣ. ತವರಿನ ಅಣ್ಣ ಕೂಡ ಬಂದು ಕರೆದುಕೊಂಡು ಹೋಗಲಿಲ್ಲ. ಅವನಿಗೂ ಮನೆಯಲ್ಲಿ ಹೊಸ ಹೆಂಡತಿ ಇದ್ದಳು. ನಾಮಕರಣಕ್ಕೆ ಕರೆಯುವವರಿಲ್ಲ, ಬಿತ್ತನೆಯ ಮೊದಲ ದಿನ ಹೊಲಕ್ಕೆ ಬಿಡುವವರಿಲ್ಲ. ಎದುರಿಗೆ ಬಂದರೆ ಬಸ್ಸಿಗೆ ಹೊರಟವರು ತಿರುಗಿ ಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ಅವಳು ಆ ಹಟ್ಟಿಯಲ್ಲಿ ಹತ್ತಿಪ್ಪತ್ತು ಕುರಿ ಸಾಕಿಕೊಂಡು ಇದ್ದುಬಿಟ್ಟಳು. ಕರಿಸಿದ್ದಪ್ಪ ರಾಗಿ ಕಳಿಸುತ್ತಿದ್ದ, ಹಬ್ಬಕ್ಕೆ ಸೀರೆ ಕಳಿಸುತ್ತಿದ್ದ, ಎಲ್ಲ ಹೆಂಡತಿ ನಿಂಗಕ್ಕನ ಕೈಯಲ್ಲಿ. ತಾನು ಆ ಕಡೆ ಹೋಗಲಿಲ್ಲ. ಆ ಬಾಗಿಲನ್ನು ಇನ್ನೊಂದು ಸಲ ನೋಡುವ ಧೈರ್ಯ ಅವನಿಗಿರಲಿಲ್ಲ. ನೋಡದೆ ಇದ್ದ ಮಾತ್ರಕ್ಕೆ ಅದು ಅವನನ್ನು ಬಿಡಲೂ ಇಲ್ಲ. ಯಾರ ಮನೆಗೆ ಹೋಗಲಿ, ಕೈ ತಾನಾಗಿ ಬಲಗಡೆಯ ಕಂಬದ ಮೇಲೆ ಹೋಗಿ ಬುಡ ಹುಡುಕುತ್ತಿತ್ತು. ಮನೆಯವರು ನಮಸ್ಕಾರ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು.

"ಅಪ್ಪ, ಮರಾನ ಯಾಕೆ ಸ್ನಾನಕ್ಕೆ ಬಿಟ್ಟಿದೀಯ?"

ದೇವಿಕಾ ಬುತ್ತಿ ಹಿಡಿದು ನಿಂತಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು. ಕೊರಳಿಗೆ ಅಳತೆ ಟೇಪು ಇನ್ನೂ ಜೋತಾಡುತ್ತಿತ್ತು.

"ಸೋಮವಾರ ಒಂಬತ್ತೂವರೆಗೆ ಅಂತ ಪೂಜಾರಪ್ಪ ಹೇಳಿದ್ರು. ಚೌಕಟ್ಟು ಆಗ್ತದೆ ಅಲ್ವಾ?"

"ಈ ಮರ ವಾಪಸ್ ಕಳ್ಸವ್ವ. ಬೇವೋ ಹೊನ್ನೆಯೋ ತರ್ಸಾಣ."

"ಯಾಕೆ?"

"ಬುಡ ಸಿಗ್ತಿಲ್ಲ."

ದೇವಿಕಾ ತೊಟ್ಟಿಯೊಳಗೆ ಬಗ್ಗಿ ನೋಡಿದಳು. "ಬಟ್ಟೆಗೂ ಉದ್ದ ಅಡ್ಡ ಅಂತ ಐತೆ ಕಣಪ್ಪ. ಆದ್ರೆ ಕೆಲವು ಬಟ್ಟೆಗೆ ಯಾವ ಕಡೆ ಹೊಲಿದ್ರೂ ಒಂದೇ. ಇದೂ ಹಂಗೇ ಅಂದ್ಕೊ. ಎಲ್ಲೋ ಹುಟ್ಟಿದ ಮರಕ್ಕೆ ನಮ್ಮ ಆಚಾರ್ರ ಮಾತು ಹೆಂಗೆ ಗೊತ್ತಿರ್ತದೆ?"

"ಗೊತ್ತಿರಾಕೆ ಬೇಡ. ನಂಗೊತ್ತೈತಲ್ಲ. ತಲೆಕೆಳಗಾದ್ರೆ?"

"ಆದ್ರೆ ಏನಾಗ್ತದೆ?"

ಕರಿಸಿದ್ದಪ್ಪ ಮಗಳ ಮುಖ ನೋಡಿದ. ಅವಳಿಗೆ ಇಪ್ಪತ್ತಾರು, ಬೀರೇಶ ಸತ್ತಾಗ ನಾಲ್ಕು. ಅವಳು ಸಂಸಾರ ಮಾಡಬೇಕಾದ ಮನೆಗೆ ತಾನೇ ಕೈಯಾರೆ ಇನ್ನೊಂದು ಕಂಬ ನಿಲ್ಲಿಸಿ ಬರಬೇಕು, ಆಮೇಲೆ ಫೋನು ಬಾರಿಸಿದಾಗಲೆಲ್ಲ ಎದೆ ಹೊಡೆದುಕೊಳ್ಳಬೇಕು. ಭಯ ಬಂತು, ಭಯದ ಹಿಂದೆಯೇ ಮಾತೂ ಬಂತು. ಸೀಳಿನಿಂದ ಹಿಡಿದು ಚಟ್ಟದವರೆಗೆ ಒಂದೇ ಉಸಿರಿಗೆ ಹೇಳಿದ. ಹೇಳುವಾಗ ನೀರನ್ನೇ ನೋಡುತ್ತಿದ್ದ.

ದೇವಿಕಾ ಅಯ್ಯೋ ಅಪ್ಪ ಅನ್ನುತ್ತಾಳೆ, ಮರ ವಾಪಸ್ ಕಳಿಸು ಅನ್ನುತ್ತಾಳೆ ಎಂದು ಅವನು ಕಾಯುತ್ತಿದ್ದ.

"ಚಿಕ್ಕಮ್ಮಂಗೆ ಹೇಳಿದೀಯ?" ಎಂದಳು.

"ಇಲ್ಲ."

"ಅಜ್ಜಿಗೆ?"

"ಇಲ್ಲ."

"ನನ್ ಮದ್ವೆ ಚಪ್ಪರಕ್ಕೂ ಅವಳನ್ನ ಕರೀಲಿಲ್ಲ ಕಣಪ್ಪ ನೀವು. ನಾನೇ ಮಾರನೆ ದಿನ ಹೋಗಿ ಕಾಲಿಗೆ ಬಿದ್ದು ಬಂದೆ. ಕಾಲು ಹಿಂದಕ್ಕೆಳ್ಕಂಡ್ಳು. ಬ್ಯಾಡ ಮಗ, ಹೊಸ ಮದ್ಲಿಂಗಿತ್ತಿ, ಈ ಕಾಲು ಮುಟ್ಬ್ಯಾಡ ಅಂದ್ಳು." ದೇವಿಕಾ ಕೊರಳಿನ ಟೇಪನ್ನು ಎಳೆದು ಕೈಗೆ ಸುತ್ತಿಕೊಂಡಳು. "ನಿನಗೆ ಗೊತ್ತಿತ್ತು. ಅವತ್ತೂ ಗೊತ್ತಿತ್ತು."

ಕರಿಸಿದ್ದಪ್ಪ ಒದ್ದೆ ಮರವನ್ನು ಹಿಡಿದುಕೊಂಡ.

"ಬಾಗ್ಲು ಹೆಂಗಾನ ನಿಲ್ಸು. ಬುಡ ಮೇಲಾದ್ರೂ ಆಗ್ಲಿ, ಕೆಳಗಾದ್ರೂ ಆಗ್ಲಿ, ನಾನು ಹೆದರಾಕಿಲ್ಲ. ಇದನ್ನ ಹೇಳ್ದಲೇ ಮಾತ್ರ ನಿಲ್ಸಬ್ಯಾಡ. ಸೋಮವಾರ ಚಿಕ್ಕಮ್ಮನ್ನ ಕರ್ಕಂಡು ಬರ್ತೀನಿ. ಹೇಳೋದು ನಿನ್ ಕೆಲ್ಸ." ಬುತ್ತಿಯನ್ನು ತೊಟ್ಟಿಯ ಅಂಚಿಗೆ ಇಟ್ಟು ಹೊರಟುಹೋದಳು.

ಉಳಿದ ಎರಡು ದಿನ ಅವನು ಪಟ್ಟೆಮರದೊಂದಿಗೆ ಗುದ್ದಾಡಿದ. ಹತ್ತರಿಯ ಅಲಗನ್ನು ಕೂದಲೆಳೆಯಷ್ಟು ಮಾತ್ರ ಹೊರಗಿಟ್ಟು, ಎದ್ದ ಪಟ್ಟೆಯನ್ನು ಗಾಜಿನ ಚೂರಿನಿಂದ ಕೆರೆದು, ಪಾಲಿಶ್ ಪೇಪರು ತಿಕ್ಕಿ ತಿಕ್ಕಿ ಕೊನೆಗೂ ನಯ ಮಾಡಿದ. ನಾತ ಆರಿಹೋಗಿತ್ತು. ಮೈ ಹೊಳೆಯುತ್ತಿತ್ತು. ಅಷ್ಟು ತಿಕ್ಕಿದರೂ ಆ ಮರ ತನ್ನ ಬುಡವನ್ನು ಬಿಟ್ಟುಕೊಡಲಿಲ್ಲ. ಯಾವ ಕಾಡಿನಲ್ಲಿ ಯಾರು ಇದನ್ನು ಕಡಿದರೋ, ಕಡಿಯುವ ಮುಂಚೆ ಕೈಮುಗಿದು ಕೇಳಿಕೊಂಡರೋ ಇಲ್ಲವೋ. ಅಷ್ಟು ದೂರದ ಮರ ಅವನ ಬಾಯಿ ಬಿಡಿಸಲೆಂದೇ ಹಡಗು ಹತ್ತಿ ಬಂತೇನೋ ಎಂದು ಒಂದು ಕ್ಷಣ ಅನ್ನಿಸಿತು.

ಸೋಮವಾರ ಒಂಬತ್ತು ಗಂಟೆಗೆ ಸೈಟಿನಲ್ಲಿ ಜನ ಸೇರಿದರು. ಪೂಜಾರಪ್ಪ, ಗಾರೆಯವರು, ಅರಿಶಿನ ಕುಂಕುಮ ಹಿಡಿದ ಐದು ಜನ ಮುತ್ತೈದೆಯರು, ಮಾರುತೇಶನ ಕಡೆಯ ನೆಂಟರು. ಎಂಬತ್ತೈದರ ಬರಗೇರಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಕಣ್ಣು ಚೆನ್ನಾಗಿತ್ತು, ಕಿವಿ ಹೋಗಿ ನಾಲ್ಕೈದು ವರ್ಷವಾಗಿತ್ತು. ಪಟ್ಟೆಮರದ ಚೌಕಟ್ಟು ನೆಲದ ಮೇಲೆ ಮಲಗಿತ್ತು. ಎಲ್ಲರೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮಾರುತೇಶ್ ಆಫ್ರಿಕಾದ ಕತೆಯನ್ನು ಏಳನೆಯ ಸಲ ಹೇಳುತ್ತಿದ್ದ.

ದೇವಿಕಾಳ ಸ್ಕೂಟಿ ಬಂತು. ಹಿಂದೆ ರೇಣುಕಮ್ಮ ಕೂತಿದ್ದಳು. ಇಳಿದವಳು ಒಳಗೆ ಬರಲಿಲ್ಲ, ರಸ್ತೆಯ ಬದಿಗೆ ಸುರಿದಿದ್ದ ಮರಳಿನ ಗುಡ್ಡೆಯ ಆಚೆ ನಿಂತಳು. ನಲವತ್ತೊಂದು ವರ್ಷದವಳ ತಲೆ ಆಗಲೇ ನರೆತಿತ್ತು. ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರಗೇರಮ್ಮ ಅವಳನ್ನು ನೋಡಿ, "ಯಾರು ಕರೆದ್ರು ಇವಳನ್ನ ಈ ಹೊತ್ನಾಗೆ?" ಎಂದು ಜೋರಾಗಿ ಕೇಳಿದಳು.

"ಎತ್ತು ಸಿದ್ದಪ್ಪ, ಹೊತ್ತಾತು," ಎಂದರು ಪೂಜಾರಪ್ಪ.

ಕರಿಸಿದ್ದಪ್ಪ ಚೌಕಟ್ಟಿನ ಹತ್ತಿರ ಬಗ್ಗಿದ. ಬಗ್ಗಿದವನು ಎತ್ತಲಿಲ್ಲ. "ಬೀರೇಶನ ಮನೆ ಬಾಗ್ಲು ನಾನು ತಲೆಕೆಳಗೆ ನಿಲ್ಸಿದ್ದೆ," ಎಂದು ಮರಕ್ಕೆ ಹೇಳಿದ ಹಾಗೆ ಹೇಳಿದ.

ಹತ್ತಿರವಿದ್ದ ಗಾರೆಯವನಿಗೆ ಕೇಳಿಸಿತು. ಪೂಜಾರಪ್ಪನಿಗೆ ಕೇಳಿಸಿತು. ಮರಳಿನಾಚೆ ನಿಂತವಳಿಗೂ ಕೇಳಿಸಿತು, ಏಕೆಂದರೆ ಅವಳು ತಲೆಯೆತ್ತಿದಳು.

"ಏನಂದ? ಏನಂದ ಇವ್ನು?" ಬರಗೇರಮ್ಮ ಕಿವಿಗೆ ಕೈ ಹಿಡಿದಳು.

ಯಾರಾದರೂ ಅವಳ ಕಿವಿಯಲ್ಲಿ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ದೇವಿಕಾ ಅಪ್ಪನನ್ನೇ ನೋಡುತ್ತಿದ್ದಳು.

"ಬೀರನ ಮನೆ ಬಾಗ್ಲ ಕಂಬ ತಲೆಕೆಳಗೈತೆ ಅವ್ವ."

"ಯಾರ್ ಕುಂಬಾರ? ಜೋರಾಗಿ ಹೇಳ್ ಲೇ."

ಕರಿಸಿದ್ದಪ್ಪ ನೆಟ್ಟಗೆ ನಿಂತ. ಇಪ್ಪತ್ತೆರಡು ವರ್ಷ ಒಬ್ಬನೇ ಅಗಿದಿದ್ದ ಮಾತನ್ನು ಈಗ ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕಾಗಿತ್ತು. ಕೂಗಿದ. "ಬೀರನ ಬಾಗ್ಲ ಕಂಬ ನಾನು ತಲೆಕೆಳಗೆ ನಿಲ್ಸಿದ್ದೆ ಅವ್ವಾ! ಸೀಳು ಮುಚ್ಚಾಕೆ! ಬೇಕಂತ್ಲೇ ನಿಲ್ಸಿದ್ದೆ! ಅವನ್ನ ಮರ ಕೊಂದ್ತೋ ಕರೆಂಟು ಕೊಂದ್ತೋ ನಂಗೊತ್ತಿಲ್ಲ! ಇವಳ ಕಾಲಂತೂ ಅಲ್ಲ! ನೀನು ಹೆಣದ ಮುಂದೆ ಆ ಮಾತಾಡ್ದಾಗ ನಂಗೊತ್ತಿತ್ತು, ನಾನು ಸುಮ್ಕಿದ್ದೆ!"

ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಕೂತವರು ಎದ್ದು ನಿಂತರು. ಬರಗೇರಮ್ಮನ ಕೈ ಕಿವಿಯಿಂದ ಇಳಿಯಿತು. ಹಲ್ಲಿಲ್ಲದ ಬಾಯಿ ಎರಡು ಮೂರು ಸಲ ಆಡಿತು. "ಈಗ ಹೇಳ್ತೀಯೇನೋ, ನಾನು ಸಾಯೋ ಹೊತ್ನಾಗೆ? ಎಷ್ಟು ಸಲ ಅವಳ ಕಾಲು ಹಿಡಿದ್ರೆ ಹೋದಾತೋ ಈ ಪಾಪ?" ಎಂದಳು. ಏಳಲು ನೋಡಿದಳು. ಮೊಣಕಾಲು ಏಳಲಿಲ್ಲ.

ರೇಣುಕಮ್ಮ ಮರಳನ್ನು ಸುತ್ತಿಕೊಂಡು ಈಚೆ ಬಂದಳು. ಮದುವೆಯಾದ ದಿನದಿಂದ ಭಾವನ ಮುಖ ನೋಡಿ ಮಾತಾಡಿದವಳಲ್ಲ. ಈಗ ನೋಡಿದಳು. ಅತ್ತಾಳು, ಬೈದಾಳು, ಮಣ್ಣು ತೂರಿಯಾಳು ಎಂದು ಕರಿಸಿದ್ದಪ್ಪ ಕಾದ. ಅವಳು ಬೇಸಾಯದ ಮಾತು ಕೇಳಿದ ಹಾಗೆ ಕೇಳಿದಳು.

"ಭಾವ, ನಿಲ್ಸಿದ ಕಂಬಾನ ತೆಗೆದು ತಿರುಗ್ಸಿ ನಿಲ್ಸಾಕೆ ಎಷ್ಟೊತ್ತು ಹಿಡೀತದೆ?"

ಸುಳ್ಳು ಹೇಳೋಣವೆಂದರೆ ಗಾರೆಯವರೆಲ್ಲ ಅಲ್ಲೇ ಇದ್ದರು.

"ಅರ್ಧ ದಿನ," ಎಂದ.

"ಅರ್ಧ ದಿನ," ಎಂದಳು ರೇಣುಕಮ್ಮ. "ಹಂಗಾರೆ ನಾಳೆ ಬರ್ರಿ," ಎಂದು ಸೆರಗು ಹೊದ್ದು ಮತ್ತೋಡು ರಸ್ತೆ ಹಿಡಿದು ನಡೆದಳು. ದೇವಿಕಾ ಸ್ಕೂಟಿ ತರುತ್ತೇನೆಂದು ಓಡಿದರೆ ಕೈಯಾಡಿಸಿ ಬೇಡವೆಂದಳು.

ಆಮೇಲೆ ಚೌಕಟ್ಟು ಎದ್ದಿತು. ದೇವಿಕಾಳೇ ಬಂದು ಎರಡು ಕಂಬದ ನೆಲ ಮುಟ್ಟಿದ ಕೊನೆಗೆ ಕೈ ಬಡಿದು, "ಇದೇ ಬುಡ. ನನ್ ಮನೆ, ನಾನು ಹೇಳ್ತೀನಿ. ಬರ್ಕೊ," ಎಂದಳು. ಕರಿಸಿದ್ದಪ್ಪ ಪೆನ್ಸಿಲಿನಿಂದ ಬರೆದ. ಮುತ್ತೈದೆಯರು ಅರಿಶಿನ ಹಚ್ಚಿದರು, ನವಧಾನ್ಯದ ಗಂಟು ಕಟ್ಟಿದರು. ಬಿಸಿಲು ಬಿದ್ದ ಪಟ್ಟೆಗಳು ಬಹಳ ಚೆಂದ ಕಂಡವು. ಅದನ್ನು ಹೇಳುವ ಮನಸ್ಸು ಮಾರುತೇಶನಿಗೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಕರಿಸಿದ್ದಪ್ಪ ಉಳಿ, ಸುತ್ತಿಗೆ, ಹಾರೆಯನ್ನು ಗೋಣಿಚೀಲಕ್ಕೆ ತುಂಬಿ ಮೊಪೆಡ್ಡಿಗೆ ಕಟ್ಟಿಕೊಂಡು ಹಟ್ಟಿಗೆ ಹೋದ. ಎರಡು ಮೈಲಿಯೂ ಇಲ್ಲ. ಅಷ್ಟು ಹತ್ತಿರವೆಂಬುದೇ ಅವನಿಗೆ ಮರೆತಿತ್ತು. ಮನೆ ಹಾಗೇ ಇತ್ತು. ಹೆಂಚಿನ ಮೇಲೆ ಪಾಚಿ ಒಣಗಿತ್ತು. ಬಲಗಡೆಯ ಕಂಬದಲ್ಲಿ ಆ ಗಂಟೂ ಇತ್ತು. ಕಣ್ಣೆತ್ತರದಲ್ಲಿದೆಯೆಂದು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದ, ಈಗ ನೋಡಿದರೆ ಅವನ ಎದೆಯ ಮಟ್ಟಕ್ಕಿತ್ತು. ಕೈಯಿಟ್ಟು ಮುಟ್ಟಿದ. ತಣ್ಣಗಿತ್ತು.

ಆಮೇಲೆ ಬಾಗಿಲನ್ನು ನೋಡಿದ. ಚಿಲಕ ತುಕ್ಕು ಹಿಡಿದು ಬಾಗಿಲಿಗೇ ಅಂಟಿಹೋಗಿತ್ತು. ಎರಡು ಹಲಗೆಯ ನಡುವೆ ಜೇಡರ ಬಲೆ ಪರದೆಯಾಗಿತ್ತು. ಹೊಸ್ತಿಲ ಮುಂದೆ ಒಂದು ತುಂಬೆ ಗಿಡ ಬೆಳೆದು ಹೂ ಬಿಟ್ಟಿತ್ತು. ಬಾಗಿಲಿಗೆ ಒರಗಿಸಿ ಪೇರಿಸಿದ್ದ ಸೌದೆ ಈ ವರ್ಷದ್ದಲ್ಲ, ಹೋದ ವರ್ಷದ್ದೂ ಅಲ್ಲ.

"ರೇಣುಕಮ್ಮ," ಎಂದು ಕೂಗಿದ.

"ಈ ಕಡೆಯಿಂದ ಬರ್ರಿ ಭಾವ," ಮನೆಯ ಹಿಂದಿನಿಂದ ದನಿ ಬಂತು. "ಆ ಬಾಗ್ಲು ಅವ್ರು ಹೋದ ದಿನದಿಂದ ತೆಗ್ದಿಲ್ಲ."

ನಿಂಗಕ್ಕ ವರ್ಷಗಟ್ಟಲೆ ಈ ಮನೆಗೆ ಬಂದು ಹೋದವಳು. ದೇವಿಕಾಳೂ ಬಂದು ಹೋದವಳು. ಯಾರೂ ಇದನ್ನು ಹೇಳಿರಲಿಲ್ಲ. ಹೇಳುವಂಥ ಸಂಗತಿಯೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಅವನು ಗೋಣಿಚೀಲ ಹೆಗಲಿಗೇರಿಸಿ ಗೋಡೆಯ ಮೂಲೆಗೆ ಬಂದ. ಅಲ್ಲಿಂದ ಹಿತ್ತಲಿಗೆ ಒಂದು ಕಾಲುಹಾದಿ ಹೊರಟಿತ್ತು. ಎರಡೂ ಕಡೆ ಗರಿಕೆ ದಟ್ಟವಾಗಿ ಬೆಳೆದಿತ್ತು, ನಡುವೆ ಮಾತ್ರ ಕೆಮ್ಮಣ್ಣು ನುಣ್ಣಗೆ ಸವೆದು ನಾಲ್ಕು ಬೆರಳು ಆಳಕ್ಕೆ ಇಳಿದಿತ್ತು. ಗೋಡೆಗೆ ಅಂಟಿಕೊಂಡೇ ಹೋಗಿ, ಮೂಲೆಯಲ್ಲಿ ತಿರುಗಿ, ಮನೆಯ ಬೆನ್ನಿಗೆ ಮರೆಯಾಗುತ್ತಿತ್ತು. ಕರಿಸಿದ್ದಪ್ಪ ಚಪ್ಪಲಿ ಬಿಟ್ಟ. ಹಾದಿ ಒಂದೇ ಒಂದು ಪಾದದ ಅಗಲವಿತ್ತು; ನಡೆಯಬೇಕಾದರೆ ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಇಡಬೇಕಾಗಿತ್ತು. ಅವನು ಹಾಗೇ ಇಡುತ್ತ ಹೋದ.